ವಯರ್ ತೆಗೆಯುವ ಮೊದಲು

ಮೊನ್ನೆ ಸಂಜೆ ಸಿಡಿಲಿಗೆ ಪಕ್ಕದ ಮನೆಯ ಇಂಟರ್‌ನೆಟ್ ಡಬ್ಬಿ ಸುಟ್ಟುಹೋಯಿತು. ಮಳೆ ನಿಂತ ಮೇಲೆ ಅವರು ಅದನ್ನು ತಂದು ನಮ್ಮ ಜಗಲಿಯಲ್ಲಿಟ್ಟು, "ಇದು ಸರಿ ಆಗ್ಬಹುದಾ ನೋಡಿ" ಎಂದರು. ಎತ್ತಿ ಮೂಗಿನ ಹತ್ತಿರ ತಂದೆ. ಸುಟ್ಟ ಪ್ಲಾಸ್ಟಿಕ್ಕಿನ ಕಮಟು, ಅದರ ಹಿಂದೆ ಬಿಸಿ ತಾಮ್ರ... ಆ ವಾಸನೆಗೆ ಕಡಬದ ಒಂದು ಮಹಡಿ ಕೋಣೆ ಕಣ್ಣ ಮುಂದೆ ಬಂತು. ಆ ಕೋಣೆಯಲ್ಲಿ ಅಕ್ಕ ಇರುತ್ತಿದ್ದರು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನಾನು ಪುತ್ತೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಅದರ ಕಡಬದ ಶಾಖೆಯನ್ನು ನೋಡಿಕೊಳ್ಳುತ್ತಿದ್ದವರು ಅವರು. ಕಾಲೇಜು ಮುಗಿಯುವ ಹೊತ್ತಿಗೆ ಬಂದ ಜ್ವರವೊಂದು ಅವರ ಎರಡೂ ಕಿವಿಗಳನ್ನು ಕಿತ್ತುಕೊಂಡಿತ್ತು. ಮಾತು ಉಳಿದಿತ್ತು, ತುಸು ಜೋರಾಗಿ. ಸಂಶಯ ಬಂದರೆ ಮಕ್ಕಳು ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡುತ್ತಿದ್ದರು. ಅವರು ಓದಿ ಬಾಯಲ್ಲೇ ಉತ್ತರ ಹೇಳುತ್ತಿದ್ದರು. ಅಷ್ಟು ಬೇಗ ಟೈಪಿಂಗ್ ಕಲಿತ ಮಕ್ಕಳನ್ನು ನಾನು ಬೇರೆಲ್ಲೂ ನೋಡಿಲ್ಲ.

ನಮ್ಮ ಕಡೆ ಗುಡುಗು ಕೇಳಿತೆಂದರೆ ಮೊದಲ ಕೆಲಸ ವಯರ್ ತೆಗೆಯುವುದು. ಟಿವಿ, ಫೋನು, ಮೋಡೆಮ್, ಎಲ್ಲದರದ್ದೂ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಅದು ಆಮೇಲೆ. ಆದರೆ ಅಕ್ಕನಿಗೆ ಗುಡುಗು ಕೇಳಬೇಕಲ್ಲ... ಒಂದು ಏಪ್ರಿಲ್ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಸಿಡಿಲು ಫೋನಿನ ವಯರಿನಲ್ಲಿ ಇಳಿದು ಮೋಡೆಮ್ ಸುಟ್ಟಿತು. ಅವರಿಗೆ ಗೊತ್ತಾದದ್ದು ವಾಸನೆಯಿಂದ.

ಕೇಂದ್ರದ ಯಜಮಾನರು ಕೆಟ್ಟವರಲ್ಲ. ಆದರೂ ಹೇಳಿದರು, "ಫೋನ್ ಮಾಡಿದ್ರೆ ಎತ್ಲಿಕ್ಕೆ ಆಗುದಿಲ್ಲ. ಆ ಕೋಣೆಗೆ ಮೊಬೈಲ್ ಸಿಗ್ನಲ್ ಇಲ್ಲ. ಈಗ ಗುಡುಗೂ ಕೇಳುದಿಲ್ಲ. ನಾನು ಬೇರೆಯವರನ್ನು ನೋಡ್ಬೇಕಷ್ಟೆ." ಮಳೆಗಾಲ ಹಿಡಿಯುವವರೆಗೆ ಸಮಯ ಕೊಡಿ ಎಂದು ಕೇಳಿದೆ. "ಆಯ್ತು, ಅಲ್ಲಿವರೆಗೆ ನೋಡುವ" ಎಂದರು. ಕಡಬದ ಆ ಕೆಲಸ ತಪ್ಪಿದರೆ ಅಕ್ಕನಿಗೆ ಇನ್ನೊಂದು ಸಿಗುವ ಹಾಗಿರಲಿಲ್ಲ.

ಆಗ ನಾವಿಬ್ಬರೂ ಪುಸ್ತಕ ನೋಡಿ ಸಾಕೆಟ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೆವು. ಒಂದು ಕಂಪ್ಯೂಟರ್ ಕಿವಿಗೊಟ್ಟು ಕಾಯುತ್ತದೆ. ಇನ್ನೊಂದು ಅದರ ವಿಳಾಸ ಹಿಡಿದು ಕರೆಯುತ್ತದೆ. ಎರಡೂ ಕೂಡಿಕೊಂಡರೆ ಮಾತು ಹೋಗಿ ಬರುತ್ತದೆ. ಆ ಕೂಡಿಕೆಯ ಒಂದೊಂದು ತುದಿಗೆ ಸಾಕೆಟ್ ಎಂದು ಹೆಸರು. ಹಾಗೊಂದು ಪ್ರೋಗ್ರಾಂ ಬರೆದರೆ ಪುತ್ತೂರಿನ ಸುದ್ದಿ ಕಡಬದ ಪರದೆಯ ಮೇಲೆ ಬಂದೀತು, ಫೋನಿನ ಹಂಗು ತಪ್ಪೀತು ಎಂದುಕೊಂಡೆವು. ಯಾವ ಕಡೆ ಕಾಯುವುದು, ಯಾವ ಕಡೆ ಕರೆಯುವುದು ಎಂಬ ಮಾತು ಬಂದಾಗ ಅಕ್ಕ ನಕ್ಕುಬಿಟ್ಟರು. "ಕಿವಿಗೊಟ್ಟು ಕೂರುವ ಕೆಲಸ ನನಗೇ ಇರ್ಲಿ ಮಾರಾಯ್ತಿ. ನನ್ನಿಂದ ಅಂತೂ ಆಗುದಿಲ್ಲ, ಕಂಪ್ಯೂಟರಾದ್ರೂ ಕೇಳ್ಲಿ."

ಪ್ರೋಗ್ರಾಂ ಕೆಲಸ ಮಾಡಿತು. ಕಪ್ಪು ಕಿಟಕಿಯೊಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕನ್ನಡ. ಯಾರು ಹೊಸದಾಗಿ ಸೇರಿದರು, ಯಾವ ಕೀಲಿಮಣೆಯ ಗುಂಡಿ ಎದ್ದು ಬಂತು, ಮಧ್ಯಾಹ್ನ ಊಟಕ್ಕೆ ಎಂತ... ಯಜಮಾನರೂ ಒಮ್ಮೆ ಬಂದು ಇಣುಕಿ, ತಲೆಯಾಡಿಸಿ ಹೋದರು.

ಮತ್ತೆ ಗುಡುಗು ಬಂದ ಸಂಜೆ ಎಲ್ಲ ಕೆಟ್ಟಿತು. ಅಕ್ಕ ಈಗ ಮೇಜನ್ನು ತಿರುಗಿಸಿ ಪೂರ್ವದ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದರು. ಘಟ್ಟದ ಮೇಲೆ ಮಿಂಚು ಕಂಡ ಕೂಡಲೇ ವಯರ್ ತೆಗೆದರು, ಮಳೆ ನಿಂತ ಮೇಲೆ ಸಿಕ್ಕಿಸಿದರು. ಆದರೆ ಮರುದಿನ ಮುಚ್ಚುವ ಹೊತ್ತಿನವರೆಗೂ ಆ ಕಡೆಯಿಂದ ಮಾತಿಲ್ಲ. ನಾನು ಭಾನುವಾರದ ಬಸ್ಸು ಹಿಡಿದು ಕಡಬಕ್ಕೆ ಹೋದೆ. ಅಕ್ಕ ಪರದೆಯ ಮೇಲಿನ ಚುಕ್ಕಿ ಚುಕ್ಕಿ ಅಂಕೆಗಳ ಮೇಲೆ ಬೆರಳಿಟ್ಟು, "ನೋಡು, ನಾನು ಕೂತಲ್ಲೇ ಇದ್ದೇನೆ. ಮನೆ ನಂಬ್ರ ಬೇರೆ ಆಗಿದೆ" ಎಂದರು.

ವಯರ್ ತೆಗೆದು ಮತ್ತೆ ಸಿಕ್ಕಿಸಿದಾಗಲೆಲ್ಲ ಮೋಡೆಮಿಗೆ ಹೊಸ ವಿಳಾಸ ಸಿಗುತ್ತಿತ್ತು. ನಾವು ಹಳೆಯ ಅಂಕೆಗಳನ್ನೇ ಕೋಡಿನೊಳಗೆ ಬರೆದಿಟ್ಟಿದ್ದೆವು. ನನ್ನ ಪ್ರೋಗ್ರಾಂ ಅಕ್ಕ ಇಲ್ಲದ ಮನೆಯ ಬಾಗಿಲು ಬಡಿಯುತ್ತಾ ಕೂತಿತ್ತು. ಗುಡುಗು ಕಡಿಮೆ ಇರುವ ಊರಿನಲ್ಲಿ ಆಗಿದ್ದರೆ ಅದೇ ಅಂಕೆ ಎಷ್ಟೋ ಕಾಲ ನಡೆಯುತ್ತಿತ್ತೇನೋ. ಪುಸ್ತಕ ಬರೆದವರು ನಮ್ಮ ಏಪ್ರಿಲ್ ನೋಡಿರಲಿಲ್ಲ.

ಅಂಕೆಯ ಜಾಗದಲ್ಲಿ ಹೆಸರು ಬರೆದೆವು. ಇಂಥ ಹೆಸರನ್ನು ಪುಕ್ಕಟೆ ಕೊಡುವ ಸೇವೆಯೊಂದು ಇತ್ತು. ವಯರ್ ಸಿಕ್ಕಿಸಿದ ಕೂಡಲೇ ಕಡಬದ ಕಂಪ್ಯೂಟರ್ ತನ್ನ ಹೊಸ ವಿಳಾಸವನ್ನು ಅಲ್ಲಿಗೆ ತಿಳಿಸುತ್ತಿತ್ತು. ಪುತ್ತೂರಿನದ್ದು ಪ್ರತಿ ಸಲ ಕರೆಯುವ ಮೊದಲು ಆ ಹೆಸರು ಈಗ ಎಲ್ಲಿದೆ ಎಂದು ಕೇಳುತ್ತಿತ್ತು.

ಇನ್ನೊಂದು ತೊಡಕು ಉಳಿದಿತ್ತು. ಸುಮ್ಮನೆ ವಯರ್ ಎಳೆದರೆ ಈ ಕಡೆಯ ಸಾಕೆಟಿಗೆ ಅದು ಗೊತ್ತೇ ಆಗುವುದಿಲ್ಲ. ಆ ಕಡೆ ಇನ್ನೂ ಯಾರೋ ಇದ್ದಾರೆ ಎಂದುಕೊಂಡು ಕಾಯುತ್ತಲೇ ಇರುತ್ತದೆ. ಆ ಕಡೆ ಯಾರಾದರೂ ಇದ್ದಾರಾ ಎಂದು ನಿಮಿಷಕ್ಕೊಮ್ಮೆ ವಿಚಾರಿಸುವ ಹಾಗೆ ಮಾಡೋಣವೇ ಎಂದು ನೋಟ್‌ಪ್ಯಾಡಿನಲ್ಲಿ ಬರೆದು ತೋರಿಸಿದೆ.

"ಉಂಟಾ, ಉಂಟಾ ಅಂತ ಕೇಳ್ತಾ ಇರ್ಲಿಕ್ಕೆ ನಾನೆಂತ ಆಸ್ಪತ್ರೆಯಲ್ಲಿ ಮಲಗಿದ್ದೇನಾ?" ಎಂದು ಗದರಿದರು. ಆಮೇಲೆ ತಾವೇ ಒಂದು ದಾರಿ ಹೇಳಿದರು. ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ ‘ಬರ್ತೇನೆ’ ಎಂದು ಹೇಳದೆ ಮೆಟ್ಟಿಲು ಇಳಿಯುವುದಿಲ್ಲ. ಇಲ್ಲಿಯೂ ಹಾಗೇ ಆಗಲಿ. ‘ಬರ್ತೇನೆ’ ಎಂದು ಟೈಪ್ ಮಾಡಿಯೇ ವಯರ್ ತೆಗೆಯುವುದು. ಆ ಪದ ಕಂಡರೆ ನನ್ನ ಪ್ರೋಗ್ರಾಂ ಸಾಕೆಟ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯಲು ತೊಡಗುತ್ತಿತ್ತು.

ಮೇ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಯಜಮಾನರು ನನ್ನ ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದರು. ಘಟ್ಟದಿಂದ ಇಳಿಯುವ ಮಳೆ ಮೊದಲು ಕಡಬಕ್ಕೆ, ಆಮೇಲೆ ನಮ್ಮಲ್ಲಿಗೆ. ಪುತ್ತೂರಿನಲ್ಲಿ ಇನ್ನೂ ಒಳ್ಳೆಯ ಬಿಸಿಲು. ಪರದೆಯ ಮೇಲೆ ಅಕ್ಷರ ಮೂಡಿತು: "ದೊಡ್ಡ ಮಿಂಚು. ನಿಮ್ಮ ಕಡೆಗೇ ಹೊರಟಿದೆ. ಸಾರ್ ಹತ್ರ ಹೇಳಿ ಎಲ್ಲ ತೆಗೆಸು. ಬರ್ತೇನೆ."

"ಈ ಬಿಸಿಲಿಗಾ?" ಎಂದು ಯಜಮಾನರು ನಕ್ಕರು. ನಾನು ಎದ್ದು ಒಂದೊಂದೇ ಪ್ಲಗ್ ಎಳೆಯತೊಡಗಿದೆ. "ತೆಗೀರಿ ತೆಗೀರಿ, ಫ್ಯಾನನ್ನೂ ತೆಗೀರಿ. ಸೆಕೆಗೆ ಸಾಯುವ" ಎಂದರು. ಮೋಡ ಉಪ್ಪಿನಂಗಡಿ ದಾಟಿ ಬಂದದ್ದು ಯಾರಿಗೂ ತಿಳಿಯಲಿಲ್ಲ. ಮೊದಲ ಗುಡುಗೇ ಸಿಡಿಲಾಗಿ ಬಂತು. ಕೆಳಗಿನ ಜೆರಾಕ್ಸ್ ಅಂಗಡಿಯ ಯಂತ್ರದಿಂದ ಹೊಗೆ ಎದ್ದು ಮೆಟ್ಟಿಲ ತುಂಬ ಅದೇ ವಾಸನೆ ಹಬ್ಬಿತು. ನಮ್ಮ ಕೇಂದ್ರದಲ್ಲಿ ಯಾವುದಕ್ಕೂ ಏನೂ ಆಗಲಿಲ್ಲ.

ಯಜಮಾನರು ಪತ್ರಿಕೆ ಮಡಚಿ ಮೇಜಿನ ಮೇಲಿಟ್ಟರು. ಮತ್ತೆ, "ಅವರಿಗೆ ಕೇಳುದಿಲ್ಲಾಂತ ಹೇಳಿದ್ದು ಯಾರು ಮಾರಾಯ್ರೆ, ನಾನೇ ಅಲ್ವಾ?" ಎಂದರು. ಬೇರೆಯವರನ್ನು ನೋಡುವ ಮಾತು ಆಮೇಲೆ ಬರಲಿಲ್ಲ. ಮುಂದೆ ಗುಡುಗಿನ ದಿನಗಳಲ್ಲೂ ನಾವು ಆಕಾಶ ನೋಡುವುದನ್ನೇ ಬಿಟ್ಟೆವು. ಅಕ್ಕನ ಪರದೆ ಇತ್ತಲ್ಲ...

ಮಕ್ಕಳ ಕೈಗೆಲ್ಲ ಫೋನು ಬಂದ ಮೇಲೆ ಕಡಬದ ಶಾಖೆ ಮುಚ್ಚಿತು, ಪುತ್ತೂರಿನದ್ದೂ ಮುಚ್ಚಿತು. ಅಕ್ಕ ಬೆಳ್ಳಾರೆಯ ತಮ್ಮನ ಮನೆಗೆ ಹೋಗಿ ಅಲ್ಲೇ ಟೈಪಿಂಗ್ ಕೆಲಸ ಮಾಡಿಕೊಂಡಿದ್ದರು. ಮೊಬೈಲಿನಲ್ಲಿ ಮಾತು ಮುಂದುವರಿಯಿತು. ಸಾಕೆಟ್ ಮುಚ್ಚುವ ಅಗತ್ಯ ಇಲ್ಲದಿದ್ದರೂ ಪ್ರತಿ ಸಲ ಕೊನೆಗೆ ‘ಬರ್ತೇನೆ’ ಎಂದು ಬರೆಯುತ್ತಿದ್ದರು. ನಾನೂ ಬರೆಯುತ್ತಿದ್ದೆ.

ಈ ವರ್ಷ ಹಲಸಿನ ಕಾಲದಲ್ಲಿ ಅವರ ಕೊನೆಯ ಸಂದೇಶ ಬಂತು. "ಹಪ್ಪಳ ಒಣಗ್ಲಿಕ್ಕೆ ಹಾಕಿದ್ದೇನೆ. ತಡಿ, ಫೋಟೋ ತೆಗೆದು ಕಳಿಸ್ತೇನೆ." ಹಪ್ಪಳದ ಚಾಪೆಯ ಹತ್ತಿರವೇ ಕುಸಿದರಂತೆ, ಮತ್ತೆ ಏಳಲಿಲ್ಲವಂತೆ. ತಮ್ಮನ ಹೆಂಡತಿ ಫೋನ್ ಮಾಡಿ ಹೇಳಿದರು.

ಪಕ್ಕದ ಮನೆಯ ಡಬ್ಬಿ ಸರಿಯಾಗುವಂಥದ್ದಲ್ಲ, ಹಾಗೆಂದು ಹೇಳಿ ಹಿಂದೆ ಕೊಟ್ಟೆ. ಒಳಗೆ ಬಂದು ನಮ್ಮ ವಯರ್ ಸಿಕ್ಕಿಸಿದೆ. ದೀಪಗಳು ಒಂದೊಂದಾಗಿ ಹಸಿರಾದವು; ಎಲ್ಲೋ ಒಂದು ಹೊಸ ವಿಳಾಸ ಸಿಕ್ಕಿರಬೇಕು. ಫೋನ್ ತೆರೆದು ಆ ಸಂದೇಶವನ್ನು ಇನ್ನೊಮ್ಮೆ ಓದಿದೆ. ಅದರ ಕೊನೆಗೆ ‘ಬರ್ತೇನೆ’ ಇಲ್ಲ. ನಾವು ಬರೆದ ಪ್ರೋಗ್ರಾಂ ಆಗಿದ್ದರೆ ಈಗಲೂ ಅಕ್ಕ ಆ ಕಡೆ ಇದ್ದಾರೆಂದೇ ಕಾಯುತ್ತಿತ್ತು.

ನನಗೆ ಗೊತ್ತುಂಟು. ಆದರೂ ಆ ಪದವನ್ನು ನಾನಾಗಿ ಟೈಪ್ ಮಾಡಲು ಇನ್ನೂ ಕೈ ಬಂದಿಲ್ಲ...