ಒದ್ದೆಯಾಗದ ಪಂಜುರ್ಲಿ

ಸುಂದರಿ ಮೊದಲ ಸಲ ಕೆಲಸ ಕೇಳಿಕೊಂಡು ಸತ್ಯಮ್ಮನವರ ಮನೆಗೆ ಹೋದದ್ದು 2009ರ ಜೂನ್ ತಿಂಗಳಲ್ಲಿ. ಮಳೆ ಇನ್ನೂ ಹಿಡಿದಿರಲಿಲ್ಲ. ಮುಂಬಯಿ ಪಕ್ಕದ ಕೋಪರಖೈರಣೆಯಿಂದ ರೈಲಿನಲ್ಲಿ ಬಂದು, ಸಾನಪಾಡಾ ಸ್ಟೇಷನ್ನಿನಿಂದ ಬಿಸಿಲಲ್ಲಿ ನಡೆದು, ಕಂಡ ಕಂಡ ವಾಚ್‌ಮನ್ನರನ್ನೆಲ್ಲ ವಿಳಾಸ ಕೇಳಿ, ಕೊನೆಗೆ ಬಾಗಿಲು ಸಿಕ್ಕಿದಾಗ ಬೆಲ್ ಕೆಟ್ಟಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಟಿವಿಯ ಸದ್ದು ಮೆಟ್ಟಿಲವರೆಗೂ ಕೇಳುತ್ತಿತ್ತು. ಅವಳು ಒಂದು ಹೆಜ್ಜೆ ಒಳಗಿಟ್ಟು ಇಣುಕಿದಳು. ಕಿಟಕಿಯ ಬಳಿ ಬೆತ್ತದ ಕುರ್ಚಿ, ಅದರಲ್ಲಿ ಬಿಳಿ ತಲೆಯ ಒಬ್ಬ ಹೆಂಗಸು, ತೊಡೆಯ ಮೇಲೆ ರಿಮೋಟು, ಪಕ್ಕದಲ್ಲಿ ವಾಕರ್. ಆಕೆ ತಿರುಗಿ ಕೂಡ ನೋಡಲಿಲ್ಲ.

"ಚಪ್ಲಿ ಹೊರಗ ಬಿಟ್ಟು ಬಾ. ಬಂದು ಬಾಜೂಕ ನಿಂದ್ರು. ಕಾರಂಜಿ ಕಾಣವಲ್ದು."

ಸುಂದರಿ ಚಪ್ಪಲಿ ಹೊರಗೆ ಬಿಟ್ಟು ಬಂದು ಪಕ್ಕಕ್ಕೆ ಸರಿದಳು. ಟಿವಿಯಲ್ಲಿ ಯಾವುದೋ ಹೊರದೇಶದ ಅರಮನೆಯ ಹಿಂದಿನ ತೋಟ. ಗಿಡಗಳನ್ನೆಲ್ಲ ಡಬ್ಬಿಯ ಹಾಗೆ, ಗೋಪುರದ ಹಾಗೆ ಕತ್ತರಿಸಿದ್ದರು. ಕ್ಯಾಮೆರಾ ಎಷ್ಟು ಹೋದರೂ ತೋಟ ಮುಗಿಯಲಿಲ್ಲ. ನೋಡ ನೋಡುತ್ತ ಅವಳಿಗೆ ರೇಗಿತು.

"ಇಷ್ಟು ಜಾಗದಲ್ಲಿ ತಿನ್ನುವಂಥದ್ದು ಒಂದು ಗಿಡ ಇಲ್ವಲ್ಲ! ಒಂದು ಬಸಳೆ ಚಪ್ಪರವಾದರೂ ಬೇಡವಾ ಇವರಿಗೆ?"

ಸತ್ಯಮ್ಮ ಆಗ ತಿರುಗಿ ನೋಡಿದರು, ಅವಳ ಕಾಲಿನಿಂದ ತಲೆಯವರೆಗೆ. ಆಮೇಲೆ ಕೆಮ್ಮು ಬರುವಷ್ಟು ನಕ್ಕರು. "ನಾಳಿಂದ ಬಾ," ಎಂದರು. ಅಡುಗೆ ಬರುತ್ತದೆಯೇ, ಮೊದಲು ಎಲ್ಲಿ ಕೆಲಸಕ್ಕಿದ್ದೆ ಎಂದು ಕೇಳಲೇ ಇಲ್ಲ.

ಸತ್ಯಮ್ಮ ಧಾರವಾಡದ ಕಡೆಯವರು. ಥಾಣೆಯಲ್ಲಿ ಕನ್ನಡ ಶಾಲೆಯ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾದವರು. ಬಚ್ಚಲಲ್ಲಿ ಜಾರಿ ಸೊಂಟ ಮುರಿದ ಮೇಲೆ ಅವರ ಲೋಕವೆಲ್ಲ ಆ ಕುರ್ಚಿ ಮತ್ತು ಟಿವಿ. ಮಗ ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಧಾರಾವಾಹಿ ಅವರಿಗೆ ಆಗುತ್ತಿರಲಿಲ್ಲ. ಹಾಳುಬಿದ್ದ ಊರುಗಳ ಚರಿತ್ರೆ, ಹಳೆಯ ಚಿತ್ರ, ಶಿಲ್ಪ, ದೇಶದೇಶದ ತೋಟ, ಇಂಥ ಸಾಕ್ಷ್ಯಚಿತ್ರಗಳನ್ನು ಹಾಕುವ ಎರಡು ಚಾನೆಲ್ಲುಗಳ ನಡುವೆಯೇ ಅವರ ಹಗಲು ಕಳೆಯುತ್ತಿತ್ತು. ಹಿಂದಿಯಲ್ಲಿ ಬಂದದ್ದು ಸುಂದರಿಗೂ ತಿಳಿಯುತ್ತಿತ್ತು. ಇಂಗ್ಲಿಷಿನದನ್ನು ಸತ್ಯಮ್ಮ ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು. ತೊಗರಿಬೇಳೆ ಆರಿಸುತ್ತ, ಬಟ್ಟೆ ಮಡಚುತ್ತ ಸುಂದರಿ ನೋಡುತ್ತಿದ್ದಳು. ನೋಡುತ್ತಿದ್ದಳು ಎನ್ನುವುದಕ್ಕಿಂತ ಬೈಯುತ್ತಿದ್ದಳು ಎನ್ನಬೇಕು.

"ಇಷ್ಟು ಕಲ್ಲು ಹೊತ್ತವರಿಗೆ ಊಟ ಹಾಕಿದ್ದು ಯಾರು? ಅದೊಂದು ಹೇಳುವುದಿಲ್ಲ ಈ ಜನ. ರಾಜ ಕಟ್ಟಿದ, ರಾಜ ಕಟ್ಟಿದ. ರಾಜನ ಕೈಯಲ್ಲಿ ಹಾರೆ ಇತ್ತಾ ಟೀಚರೆ?"

"ಸುಂದ್ರವ್ವಾ, ನೀ ಟಿವಿ ನೋಡೂದಿಲ್ಲ. ಟಿವಿ ಜೋಡಿ ಜಗಳಾ ಆಡ್ತಿ," ಎನ್ನುತ್ತಿದ್ದರು ಸತ್ಯಮ್ಮ. ಆದರೆ ಅವಳು ಸುಮ್ಮನಿದ್ದ ದಿನ ತಾವೇ ಕೆಣಕುತ್ತಿದ್ದರು.

ಸಿಟ್ಟು ಸುಂದರಿಗೆ ಹುಟ್ಟಿನಿಂದ ಬಂದದ್ದು. ಕಾರ್ಕಳದ ಕಡೆಯ ಒಂದು ಹಳ್ಳಿಯ ಬಡಗಿ ರಘುಪತಿ ಆಚಾರಿಯ ಮಗಳು ಅವಳು. ಗಂಡ ಲೋಕನಾಥ ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಮೃದು ಮನುಷ್ಯ; ಗಿರಾಕಿ ಹರಿದ ನೋಟು ಕೊಟ್ಟರೂ ನಕ್ಕು ತೆಗೆದುಕೊಳ್ಳುವವನು. ಹೋಟೆಲಿನ ಮಾಲೀಕ ವಸಂತಕುಮಾರ ಶೆಟ್ಟರು ಸುಂದರಿಯ ಊರಿನವರೇ. ಊರಿನ ದೈವಸ್ಥಾನದ ಮುಂಬಯಿ ಸಮಿತಿಗೆ ಅವರೇ ಅಧ್ಯಕ್ಷರು.

2003ರಲ್ಲಿ ಆ ಸ್ಥಾನದ ಜೀರ್ಣೋದ್ಧಾರ ಆಯಿತು. ಮಣ್ಣಿನ ಅಂಗಳ ಹೋಗಿ ಗ್ರಾನೈಟ್ ಬಂತು. ಹಲಸಿನ ಮರದ ಹಳೆಯ ಪಂಜುರ್ಲಿ, ಹಂದಿರೂಪದ ದೈವದ ಆಳೆತ್ತರದ ಮೂರ್ತಿ, ಗೆದ್ದಲು ಹಿಡಿದಿದೆಯೆಂದು ಹೊಸದನ್ನು ಕೆತ್ತಿಸಿದರು. ಹಳೆಯದನ್ನು ಕ್ರಮದ ಪ್ರಕಾರ ಹೊಳೆಗೆ ಬಿಡಬೇಕು. ಬಿಡುವ ದಿನ ಊರಿನವರೂ ಮುಂಬಯಿಯವರೂ ತಲೆಗೆ ಸ್ನಾನ ಮಾಡಿ, ಮೀನು ಮಾಂಸ ಮುಟ್ಟದೆ ಇರಬೇಕೆಂದು ವಸಂತಕುಮಾರರು ಮನೆಮನೆಗೆ ಹೇಳಿಕಳಿಸಿದರು. ಮೂರ್ತಿಯನ್ನು ಬೆಳಗಿನ ಜಾವ ತಾವೇ ಆಳುಗಳೊಂದಿಗೆ ಹೊಳೆಗೆ ಒಯ್ಯುತ್ತೇವೆ, ಬೇರೆ ಯಾರೂ ನೋಡಬಾರದು ಎಂದೂ ಹೇಳಿದ್ದರು. ಅದು ಭಾನುವಾರ. ಡೊಂಬಿವಲಿಯಿಂದ ಕೋಪರಖೈರಣೆಯವರೆಗೆ ಆ ಊರಿನ ಯಾವ ಮನೆಯಲ್ಲೂ ಅಂದು ಮೀನಿನ ವಾಸನೆ ಏಳಲಿಲ್ಲ.

ರಘುಪತಿ ಆಚಾರಿ ಆಗ ಕಾಯಿಲೆ ಬಿದ್ದು ಮಗಳ ಮನೆಯಲ್ಲಿದ್ದರು. ಹಿಂದೊಮ್ಮೆ ಆ ಹಂದಿಯ ಎಡಗಿವಿ ಮುರಿದಾಗ ಅದನ್ನು ಕೂಡಿಸಿದವರು ಅವರೇ. ತಕ್ಕ ಮೊಳೆ ಸಿಗದೆ, ಮನೆಯ ಹಳೆಯ ಕೊಡೆಯ ಕಡ್ಡಿ ಮುರಿದು ಬಾಗಿಸಿ ಹೊಲಿಗೆ ಹಾಕಿದ ಹಾಗೆ ಕೂರಿಸಿದ್ದರು. ಕೊಡೆ ಹೋಯಿತೆಂದು ಅಮ್ಮ ಇಡೀ ಮಳೆಗಾಲ ಬೈದದ್ದು ಸುಂದರಿಗೆ ನೆನಪಿತ್ತು. ಆ ಭಾನುವಾರ ಸಂಜೆ ಅಪ್ಪ ಕೇಳಿದರು: "ನೀರಿಗೆ ಬಿಟ್ಟರಾ?"

"ಬಿಟ್ಟರಂತೆ ಅಪ್ಪ. ವಸಂತಣ್ಣ ಫೋನ್ ಮಾಡಿದ್ದರು."

"ತೇಲಿತಾ, ಮುಳುಗಿತಾ?"

"ಸ್ವಲ್ಪ ತೇಲಿ ಮುಳುಗಿತಂತೆ," ಎಂದಳು ಸುಂದರಿ. ಶೆಟ್ಟರು ಫೋನಿನಲ್ಲಿ ಹಾಗೆಯೇ ಹೇಳಿದ್ದರು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದರು. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಎಂಟು ವರ್ಷ ಕಳೆದ ಮೇಲೆ, 2011ರ ಒಂದು ಮಧ್ಯಾಹ್ನ, ಸತ್ಯಮ್ಮ ಹಿಂದಿಯ ಒಂದು ಸಾಕ್ಷ್ಯಚಿತ್ರ ನೋಡುತ್ತಿದ್ದರು. ಜನಪದ ಕಲೆಯನ್ನು ಸಂಗ್ರಹಿಸುವ ಶ್ರೀಮಂತರ ಕುರಿತಾದದ್ದು. ಒಂದು ದೊಡ್ಡ ಹಾಲ್, ಗಾಜಿನ ಗೋಡೆ, ಸೋಫಾ. ಸೋಫಾದ ಹಿಂದೆ, ಮೇಲಿನಿಂದ ಬಿದ್ದ ಹಳದಿ ಬೆಳಕಿನಲ್ಲಿ, ಹಂದಿ ನಿಂತಿತ್ತು. ಅದರ ಮುಂದೆಯೇ ಬೂಟು ಹಾಕಿದ ಕಾಲನ್ನು ಕಾಲ ಮೇಲೆ ಹಾಕಿಕೊಂಡು ಮನೆಯ ಯಜಮಾನ ಕೂತಿದ್ದ. ಕ್ಯಾಮೆರಾ ನಿಧಾನವಾಗಿ ಎಡಗಿವಿಯ ಹತ್ತಿರ ಹೋಯಿತು. ಬಾಗಿದ ಕಪ್ಪು ಕಡ್ಡಿ, ಮೂರು ಹೊಲಿಗೆ. ದನಿ ಹೇಳುತ್ತಿತ್ತು: ಇದನ್ನು ದುರಸ್ತಿ ಮಾಡಿದ ಕೈ ಯಾರದೋ ಗೊತ್ತಿಲ್ಲ, ಪೂಜಿಸುತ್ತಿದ್ದ ಜನರೇ ಇದನ್ನು ಬೇಡವೆಂದು ಬಿಸಾಡಿದ್ದರು.

ಸುಂದರಿ ತುಳುವಿನಲ್ಲಿ ಕಿರುಚಿದಳು. ಏನು ಕಿರುಚಿದಳೆಂದು ಸತ್ಯಮ್ಮನವರಿಗೆ ತಿಳಿಯಲಿಲ್ಲ. ಆದರೆ ಮೊದಲ ಸಲ ಅವರು ತಾವಾಗಿ ಟಿವಿಯ ಸದ್ದು ಪೂರ್ತಿ ಅಡಗಿಸಿದರು.

"ಯಾಕವ್ವಾ? ಏನಾತು?"

"ನಮ್ಮದು! ನಮ್ಮ ಅಪ್ಪ ಹಾಕಿದ ಕಡ್ಡಿ ಅದು! ಬಿಸಾಡಿದ್ದಂತೆ! ಯಾರು ಬಿಸಾಡಿದ್ದು? ಮೀನು ಬಿಟ್ಟು ಕೂತಿದ್ದೆವು ನಾವು!"

ಎಲ್ಲ ಕೇಳಿದ ಮೇಲೆ ಸತ್ಯಮ್ಮ ಹೇಳಿದರು, "ಈ ಚಾನೆಲ್ಲಿನವ್ರು ಒಂದನ್ನ ಎರಡು ಮೂರು ಸಲ ಹಾಕ್ತಾರ. ಶನಿವಾರ ಮತ್ತ ಬರ್ತದ. ನಿನ್ನ ಗಂಡನ್ನ ಕರಕೊಂಡು ಬಾ. ಒಬ್ಬಾಕಿನ ಕಂಡದ್ದು ಯಾರೂ ನಂಬೂದಿಲ್ಲ."

ಶನಿವಾರ ಲೋಕನಾಥ ಬಂದ. ಕುರ್ಚಿಯ ತುದಿಯಲ್ಲಿ ಕೂತು ನೋಡಿದ. ಕಿವಿ ಬಂತು, ಕಡ್ಡಿ ಬಂತು. ಅವನ ಮುಖ ಸಣ್ಣದಾಯಿತು.

"ಹೌದಾ ಅಲ್ವಾ?" ಎಂದಳು ಸುಂದರಿ.

"ಇರಬಹುದು."

"ಇರಬಹುದಾ? ನಿಮಗೆ ಕಣ್ಣಿಲ್ವಾ?"

"ಕಣ್ಣುಂಟು ಮಾರಾಯ್ತಿ. ಸೋಮವಾರ ಶೆಟ್ಟರ ಗಲ್ಲಾದಲ್ಲೇ ಕೂರ್ಲಿಕ್ಕೂ ಉಂಟಲ್ಲ ನನಗೆ. ಅದನ್ನೂ ನೋಡಬೇಕಲ್ವಾ?"

ಮುಂದಿನ ಭಾನುವಾರ ಸಮಿತಿಯ ವಾರ್ಷಿಕ ಸಭೆ. ಕೇಳಿದರೆ ಗಂಡನ ಕೆಲಸ ಹೋಗುತ್ತದೆ. ಕೇಳದಿದ್ದರೆ ಅಪ್ಪನಿಗೆ ಹೇಳಿದ ಸುಳ್ಳು ತನ್ನದೇ ಆಗಿ ಉಳಿಯುತ್ತದೆ. ಆ ವಾರವಿಡೀ ಸುಂದರಿಯ ಕೈಯಲ್ಲಿ ಪಾತ್ರೆಗಳು ಬಡಿದುಕೊಂಡವು. ಶುಕ್ರವಾರ ಸತ್ಯಮ್ಮ ಅವಳನ್ನು ಎದುರು ಕೂರಿಸಿಕೊಂಡರು.

"ಸಿಟ್ಟು ಬರ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿಂದು ಉಲ್ಟಾ ಅದ. ಮೊದಲ ಬೈತಿ, ಆಮ್ಯಾಲ ವಿಷಯ ಹೇಳ್ತಿ. ಬೈಗಳ ಕೇಳಿದವ್ರು ವಿಷಯ ಕೇಳೂದಿಲ್ಲ. ಮೊದಲ ಖರೇ ಮಾತು ಕೇಳು. ಬೈಗಳ ಎಲ್ಲಿಗೂ ಓಡಿಹೋಗೂದಿಲ್ಲ."

ಸಭೆ ಶೆಟ್ಟರ ಹೋಟೆಲಿನ ಮೇಲಿನ ಹಾಲಿನಲ್ಲಿ ನಡೆಯಿತು. ಚಪ್ಪಲಿಗಳೆಲ್ಲ ಮೆಟ್ಟಿಲ ಬುಡದಲ್ಲಿ ರಾಶಿ. ಚಹಾ, ಗೋಳಿಬಜೆ ಆದ ಮೇಲೆ ವಸಂತಕುಮಾರರು ಎದ್ದು ನಿಂತು ಹೊಸ ಸುದ್ದಿ ಹೇಳಿದರು: ಸ್ಥಾನದ ಚರಿತ್ರೆಯ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿಸುತ್ತಾರೆ, ಟಿವಿಯಲ್ಲಿ ಬರುತ್ತದೆ. ದಾನಿಗಳೆಲ್ಲ ಕ್ಯಾಮೆರಾದ ಮುಂದೆ ನಾಲ್ಕು ಮಾತು ಹೇಳಬೇಕು, ಹೆಂಗಸರು ರೇಷ್ಮೆ ಸೀರೆಯಲ್ಲಿ ದೀಪ ಹಿಡಿದು ನಿಲ್ಲಬೇಕು. ಜನ ಚಪ್ಪಾಳೆ ತಟ್ಟಿದರು.

ಸುಂದರಿ ಎದ್ದಳು.

"ವಸಂತಣ್ಣ, ಹಳೆಯ ಪಂಜುರ್ಲಿಯ ಕಥೆ ಅದರಲ್ಲಿ ಬರ್ತದಾ?"

"ಬಾರದೆ ಉಂಟಾ ತಂಗಿ? ಹೊಳೆಗೆ ಬಿಟ್ಟದ್ದನ್ನೆಲ್ಲ ಹೇಳಿಯೇ ಹೇಳ್ತೇವೆ."

"ನಾನು ಅದನ್ನು ಟಿವಿಯಲ್ಲಿ ನೋಡಿದೆ. ಒದ್ದೆ ಆಗಿರಲಿಲ್ಲ."

ಯಾರೋ ನಕ್ಕರು, ಮತ್ತೆ ನಿಲ್ಲಿಸಿದರು. ಸುಂದರಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಹಾಲ್, ಬೂಟು, ಕಿವಿ, ಕೊಡೆಯ ಕಡ್ಡಿ. ಶೆಟ್ಟರು ಮೊದಲು ಅಲ್ಲಗಳೆದರು. ಕಾಡಿನಲ್ಲಿ ಹಂದಿ ಒಂದೇ ಇರುವುದಾ ಎಂದು ತಮಾಷೆ ಮಾಡಿದರು. ಆಗ ಹಿಂದಿನ ಸಾಲಿನಿಂದ ಲೋಕನಾಥ ಎದ್ದ.

"ನಾನೂ ನೋಡಿದ್ದೇನೆ ಧನಿಗಳೇ," ಎಂದ. ಅಷ್ಟೇ ಹೇಳಿ ನಿಂತೇ ಇದ್ದ.

ವಸಂತಕುಮಾರರ ಮುಖ ಬದಲಾಯಿತು. "ಕೊಟ್ಟೆ. ಹೌದು, ಕೊಟ್ಟೆ. ಅದರ ಹಣ ನನ್ನ ಕಿಸೆಗೆ ಹೋಗಲಿಲ್ಲ. ನೀವೆಲ್ಲ ಕಾಲಿಟ್ಟು ನಡೆಯುವ ಅಂಗಳದ ಗ್ರಾನೈಟ್ ಎಲ್ಲಿಂದ ಬಂತೆಂದು ತಿಳಿದಿರಿ? ದೈವದ ಸಾನ್ನಿಧ್ಯ ಮೂರ್ತಿ ಬಿಟ್ಟು ಕಲಶಕ್ಕೆ ಬಂದಾಗಿತ್ತು. ಆಮೇಲೆ ಉಳಿದದ್ದು ಬರೀ ಮರ. ತಂತ್ರಿಗಳನ್ನೇ ಕೇಳಿ. ನಾನು ದೈವ ಮಾರಲಿಲ್ಲ, ಸೌದೆ ಮಾರಿದ್ದು."

ಮುಂದಿನ ಸಾಲಿನ ಕೆಲವರು ತಲೆಯಾಡಿಸಿದರು. ಮಾತು ಅಲ್ಲಿಗೇ ಮುಗಿಯುವ ಹಾಗಿತ್ತು.

"ಸೌದೆಗೆ ಯಾರಾದರೂ ಮೀನು ಬಿಡ್ತಾರಾ ವಸಂತಣ್ಣ?" ಎಂದಳು ಸುಂದರಿ. "ಊರಿಡೀ ಸ್ನಾನ ಮಾಡಿಸಿದಿರಿ. ಸೌದೆ ಮಾರ್ಲಿಕ್ಕೆ ನಾವು ಯಾಕೆ ಉಪವಾಸ?"

"ನಾನು ಆ ದಿನ ಬಂಗುಡೆ ತಂದಿಟ್ಟಿದ್ದೆ!" ಡೊಂಬಿವಲಿಯ ವಾರಿಜಾ, ವಯಸ್ಸಾದ ಹೆಂಗಸು, ಕೂತಲ್ಲಿಂದಲೇ ಕೂಗಿದಳು. "ಅಷ್ಟೂ ಪಕ್ಕದ ಮನೆಗೆ ಕೊಟ್ಟುಬಿಟ್ಟೆ ಮಾರಾಯ್ರೆ!"

ಹಾಲ್ ಪೂರ್ತಿ ಗಲಾಟೆಯಾಯಿತು. ವಸಂತಕುಮಾರರು ಎರಡು ಕೈ ಎತ್ತಿ ಸಮಾಧಾನ ಮಾಡಿದರು. "ಸರಿ, ಸರಿ. ರಘುಪತಿ ಆಚಾರಿಗಳ ಹೆಸರನ್ನು ಸ್ಥಾನದ ಕಲ್ಲಿನಲ್ಲಿ ಕೆತ್ತಿಸುವ. ದಾನಿಗಳ ಹೆಸರಿನ ಮೇಲೆಯೇ ಹಾಕುವ. ಆಗಬಹುದಲ್ಲ ತಂಗಿ?"

"ಆಗಬಹುದಲ್ಲ ಸುಂದರಕ್ಕ," ಎಂದರು ಮೂರು ನಾಲ್ಕು ಜನ, ಕಥೆ ಮುಗಿಯಿತಲ್ಲ ಎಂಬ ನೆಮ್ಮದಿಯಲ್ಲಿ. ಆ ನೆಮ್ಮದಿ ಸುಂದರಿಯನ್ನು ಶೆಟ್ಟರ ಸುಳ್ಳಿಗಿಂತ ಹೆಚ್ಚು ಉರಿಸಿತು.

"ಕಲ್ಲು ಬೇಡ ನನಗೆ. ಸಾಯುವ ಮನುಷ್ಯ ಕೇಳಿದ, ತೇಲಿತಾ ಮುಳುಗಿತಾ ಅಂತ. ನಿಮ್ಮ ಸುಳ್ಳನ್ನು ನನ್ನ ಬಾಯಿಂದ ಹೇಳಿಸಿದಿರಿ. ಚರಿತ್ರೆ ಮಾಡ್ತೀರಲ್ಲ, ಅದರಲ್ಲಿ ನೀವೇ ಹೇಳಿ, ಕ್ಯಾಮೆರಾ ಎದುರು: ಹೊಳೆಗೆ ಬಿಡಲಿಲ್ಲ, ಮಾರಿದೆ ಅಂತ. ಬೇರೆ ಏನೂ ಬೇಡ."

"ಅದು ಆಗದು," ಎಂದರು ಶೆಟ್ಟರು. "ಸ್ಥಾನದ ಮರ್ಯಾದೆಯ ಪ್ರಶ್ನೆ."

ಬೈಗಳ ಆಮೇಲೆ ಬಂತು. ಸತ್ಯಮ್ಮ ಹೇಳಿದ್ದು ಸರಿಯಾಗಿತ್ತು, ಅದು ಎಲ್ಲಿಗೂ ಓಡಿಹೋಗಿರಲಿಲ್ಲ. ತುಳುವಿನಲ್ಲಿ, ಕನ್ನಡದಲ್ಲಿ, ಮೆಟ್ಟಿಲು ಇಳಿಯುವಾಗ ಹಿಂದಿಯಲ್ಲಿ. ಅಡುಗೆಯವರು ಕೆಳಗೆ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ಲೋಕನಾಥ ಅವಳ ಹಿಂದೆಯೇ ಇಳಿದ. ಚಪ್ಪಲಿಯ ರಾಶಿಯಲ್ಲಿ ಹುಡುಕುತ್ತ ನಿಲ್ಲಲಿಲ್ಲ. ಬರಿಗಾಲಲ್ಲಿ ರಿಕ್ಷಾ ಹತ್ತಿದ.

ಥಾಣೆಯಲ್ಲಿ ರೈಲು ಹೊರಟ ಮೇಲೆ ಸುಂದರಿ ಅವನ ಕಾಲು ನೋಡಿದಳು. "ಚಪ್ಪಲಿ?"

"ಅಲ್ಲೇ ಇರಲಿ. ಅದನ್ನೂ ಮಾರಿ ಇನ್ನೊಂದು ಕಲ್ಲು ಹಾಕಿಸಲಿ."

ಅವನು ಆ ಹೋಟೆಲಿಗೆ ಮತ್ತೆ ಹೋಗಲಿಲ್ಲ. ಸಾಕ್ಷ್ಯಚಿತ್ರ ಆಗಲಿಲ್ಲ. ಕ್ಯಾಮೆರಾದ ಮುಂದೆ ನಿಲ್ಲಲು ಆ ಮೇಲೆ ಯಾರೂ ಒಪ್ಪಲಿಲ್ಲವಂತೆ. ವಸಂತಕುಮಾರರು ಇಂದಿಗೂ ಅಧ್ಯಕ್ಷರು. ಆ ಹಾಲಿನಲ್ಲಿ ಹಂದಿ ಇನ್ನೂ ನಿಂತಿರಬೇಕು. ಸುಂದರಿ ಚಾನೆಲ್ಲಿಗೆ ಸತ್ಯಮ್ಮನವರ ಕೈಯಿಂದ ಪತ್ರ ಬರೆಸಿ ಹಾಕಿದಳು, ಉತ್ತರ ಬರಲಿಲ್ಲ. ಅವಳ ಸಿಟ್ಟೂ ಇಳಿಯಲಿಲ್ಲ. ಇಳಿಯಲು ಕಾರಣವೇನೂ ಇರಲಿಲ್ಲ.

ಲೋಕನಾಥ ಈಗ ತುರ್ಭೆಯ ಮಾರ್ಕೆಟಿನಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿದ್ದಾನೆ. ಸುಂದರಿ ಈಗಲೂ ಸಾನಪಾಡಾದಲ್ಲಿ ಸತ್ಯಮ್ಮನವರನ್ನು ನೋಡಿಕೊಳ್ಳುತ್ತಾಳೆ, ಬಟ್ಟೆ ಮಡಚುತ್ತ ಟಿವಿಯನ್ನು ಬೈಯುತ್ತಾಳೆ. ಪ್ರತಿ ವರ್ಷ ದೈವದ ನೇಮೋತ್ಸವಕ್ಕೆ ಊರಿಗೆ ಹೋಗುತ್ತಾಳೆ. ಗ್ರಾನೈಟಿನ ಮೇಲೆ ಕಾಲಿಡುವುದಿಲ್ಲ. ಹೊರಗೆ ಮಣ್ಣಿನಲ್ಲಿ ನಿಂತು ಕೈಮುಗಿದು ಬರುತ್ತಾಳೆ.