ವಿಷಲ್ ಅಕ್ಕ ಹೇಸಿಕೊಂಡ ಪುಸ್ತಕ

ಕಸ ಎತ್ತುವುದರಲ್ಲೇ ಅರ್ಧ ಆಯಸ್ಸು ಕಳೆದ ಹೆಂಗಸು, ಯಾವ ಕೊಳಕಿಗೂ ಮೂಗು ಮುಚ್ಚದವಳು, ಒಂದು ಮಕ್ಕಳ ಪುಸ್ತಕಕ್ಕೆ ಹೇಸಿಕೊಂಡಳು. ಆಕೆಯ ವಿಷಯ ಹೇಳಲೇಬೇಕು ಎನಿಸಿದ್ದು ಅದಕ್ಕೇ.

ಕಸದ ಗಾಡಿ ಬೀದಿಯ ತಿರುವಿಗೆ ಬಂದ ಕೂಡಲೇ ಆಕೆ ವಿಷಲ್ ಊದುತ್ತಾಳೆ. ಹಾಗಾಗಿ ಎಲ್ಲರಿಗೂ ವಿಷಲ್ ಅಕ್ಕ. ಹಳಸಿದ ಅನ್ನ, ಹುಳ ಬಿದ್ದ ಮೀನಿನ ತಲೆ, ಮಗುವಿನ ಡೈಪರ್, ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಗಂಟು ಹಾಕಿ ಕೊಡುವ ಮಹಾನುಭಾವರಿದ್ದಾರೆ. ಆಕೆ ಗಂಟು ಬಿಚ್ಚಿ, ಹಸಿ ಕಸ ಹಸಿರು ಡಬ್ಬಕ್ಕೆ, ಒಣ ಕಸ ನೀಲಿ ಡಬ್ಬಕ್ಕೆ, ಚುಚ್ಚುವಂಥದ್ದು ಕೆಂಪು ಡಬ್ಬಕ್ಕೆ ಹಾಕುತ್ತಾಳೆ.

"ವಾಸನೆ ಬರಲ್ವೇನಕ್ಕಾ?" ಎಂದು ಗಾಡಿಯ ಡ್ರೈವರ್ ಹೊಸದರಲ್ಲಿ ಕೇಳಿದ್ದ.

"ಬರುತ್ತೆ. ನಿನ್ನ ಸಾಕ್ಸಿನಷ್ಟು ಬರಲ್ಲ."

ಗಾಡಿಗೆ ಬಿದ್ದದ್ದು ಮನೆಗೆ ಹೋಗಬಾರದು ಎಂಬುದು ಆಕೆಯ ನಿಯಮ. ಮುರಿಯದ ಆಟಿಕೆ ಸಿಕ್ಕರೂ ಸರಿ, ಹೊಸ ಚಪ್ಪಲಿ ಸಿಕ್ಕರೂ ಸರಿ. ಆ ನಿಯಮ ತಪ್ಪಿದ್ದು ಒಂದೇ ಸಲ.

ಯಾರೋ ಮನೆ ಖಾಲಿ ಮಾಡುವವರು ಹಳೆ ಪುಸ್ತಕಗಳ ರಟ್ಟಿನ ಪೆಟ್ಟಿಗೆ ಕೊಟ್ಟಿದ್ದರು. ಮೇಲಿದ್ದ ಪುಸ್ತಕ ಕಂಡು ಆಕೆಯ ಕೈ ನಿಂತುಬಿಟ್ಟಿತು. ಹಳದಿ ರಟ್ಟು, ಅದರ ಮೇಲೆ ಮೈಗೆಲ್ಲ ಕೆಸರು ಮೆತ್ತಿಕೊಂಡು ಹಲ್ಲು ಕಿರಿಯುವ ಹುಡುಗ. ಆಕೆಗೆ ಅಕ್ಷರ ಬರುವ ಮೊದಲೇ ಅಪ್ಪ ತಂದುಕೊಟ್ಟಿದ್ದ ಪುಸ್ತಕವೂ ಇದೇ. ಆಕೆಗಿದ್ದದ್ದೂ ಅದೊಂದೇ. ಅದರೊಳಗೊಂದು ಕೆರೆಯ ಚಿತ್ರವಿತ್ತು. ಅಂಥ ನೀಲಿಯನ್ನು ಆಮೇಲೆ ಆಕೆ ಎಲ್ಲೂ ಕಂಡಿರಲಿಲ್ಲ.

ಪುಸ್ತಕ ಸೊಂಟದ ಚೀಲ ಸೇರಿತು.

"ನಿಯಮ ಎಲ್ಲಿ ಹೋಯ್ತಕ್ಕೋ?" ಡ್ರೈವರ್ ಕೆಣಕಿದ.

"ನೀನು ಮುಂದೆ ನೋಡ್ಕೊಂಡು ಓಡಿಸಪ್ಪ."

ಮನೆಯಲ್ಲಿ ಸೋಪಿನ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಇಟ್ಟಳು. ಸಂಜೆ ಸ್ನಾನ ಮುಗಿಸಿ, ಒದ್ದೆ ಕೂದಲಲ್ಲೇ ಚಾಪೆಯ ಮೇಲೆ ಕೂತಳು. ಒಂದು ಪಕ್ಕ ಮೂರನೇ ಕ್ಲಾಸಿನ ಮಗಳು, ಇನ್ನೊಂದು ಪಕ್ಕ ಇನ್ನೂ ಶಾಲೆಗೆ ಹಾಕದ ಪುಟ್ಟ.

"ಇದು ನಿಂದಾ ಅಮ್ಮಾ?"

"ಇಂಥದ್ದೇ ಇತ್ತು ಕಣೇ. ನಿಮ್ಮಜ್ಜ ತಂದಿದ್ದು."

ಪುಸ್ತಕದ ಹುಡುಗ ಸ್ನಾನ ಒಲ್ಲೆ ಎನ್ನುತ್ತಾನೆ. ವಾಸನೆಗೆ ನಾಯಿ ಓಡುತ್ತದೆ, ಹುಂಜ ಓಡುತ್ತದೆ. ಪುಟ್ಟ ಬಿದ್ದು ಬಿದ್ದು ನಕ್ಕ. ಕಾಗೆಗಳು ಹುಡುಗನನ್ನು ಎತ್ತಿಕೊಂಡು ಹಾರಿದವು. ಇನ್ನು ಕೆರೆ ಬರಬೇಕು ಎಂದುಕೊಂಡು ಆಕೆ ಹಾಳೆ ತಿರುಗಿಸಿದಳು.

ಕೆರೆ ಬರಲಿಲ್ಲ. ಕಸದ ರಾಶಿ ಬಂತು. ಅದರ ಮೇಲೆ ಒಬ್ಬಳು ಹೆಂಗಸು. ಸುತ್ತ ನೊಣ, ಸೊಟ್ಟ ಹಲ್ಲು, ಪಕ್ಕದಲ್ಲಿ ತಳ್ಳುಗಾಡಿ. ಕಾಗೆಗಳು ಹುಡುಗನನ್ನು ಅವಳ ಮುಂದೆ ಬೀಳಿಸಿದ್ದವು. ಅವಳು ಎರಡೂ ಕೈ ಚಾಚಿ ಅವನನ್ನು ಅಪ್ಪಿಕೊಂಡಿದ್ದಳು. ಕೆಳಗೆ ಬರೆದಿತ್ತು: 'ಬಾ ಕಂದಾ, ನೀನು ನಮ್ಮವನೇ!' ಹುಡುಗ ಕಿಟಾರನೆ ಕಿರುಚುತ್ತಿದ್ದ. ಮುಂದಿನ ಪುಟದಲ್ಲಿ ಕೆರೆಗೆ ಹಾರಿ ಮೈ ಉಜ್ಜುತ್ತಿದ್ದ.

ಈ ಚಿತ್ರವನ್ನು ಆಕೆ ನೋಡಿಯೇ ಇರಲಿಲ್ಲ. ಆಕೆಯ ಪುಸ್ತಕದಲ್ಲಿ ಕೆರೆಯ ಹಾಳೆ ದಪ್ಪಗಿತ್ತು. ಅದು ಇರುವುದೇ ಹಾಗೆ ಎಂದುಕೊಂಡಿದ್ದಳು. ಈಗ ತಿಳಿಯಿತು, ಅಪ್ಪ ಎರಡು ಹಾಳೆ ಸೇರಿಸಿ ಅಂಟು ಹಾಕಿದ್ದ. ಅಪ್ಪನೂ ಬದುಕಿರುವಷ್ಟು ದಿನ ಕಸದ ತಳ್ಳುಗಾಡಿ ತಳ್ಳಿದವನು.

"ಅಮ್ಮಾ, ಇದು ನೀನು!" ಪುಟ್ಟ ಚಪ್ಪಾಳೆ ತಟ್ಟಿದ. "ಗಾಡಿ ನೋಡು, ಗಾಡಿ!"

"ಥೂ, ಬಾಯ್ಮುಚ್ಚೋ!" ಎಂದಳು ಮಗಳು. ಅಮ್ಮನಿಗೆ ತಾಗಿಕೊಂಡಿದ್ದ ಮೊಣಕಾಲನ್ನು ಮೆಲ್ಲಗೆ ಆಚೆ ಎಳೆದುಕೊಂಡಳು.

ಹುಳ ಬಿದ್ದ ಮೀನಿಗೂ ಹೇಸದವಳು ಪುಸ್ತಕವನ್ನು ಆಚೆ ತಳ್ಳಿದಳು. ಬಿದ್ದ ಮಗುವನ್ನು ಎತ್ತಿ ಅಪ್ಪಿಕೊಂಡವಳು ರಾಕ್ಷಸಿಯಂತೆ! ಅವಳು ಮುಟ್ಟಿದ್ದೇ ಹುಡುಗನಿಗೆ ಶಿಕ್ಷೆಯಂತೆ! ಇದನ್ನು ಬರೆದವನ ಮನೆಯ ಕಸ ಯಾರು ಎತ್ತಿದರೋ. ಎಂಥ ಹೊಲಸು ತಲೆ. ಅದಕ್ಕೆ ಎಷ್ಟು ಚೆಂದದ ಬಣ್ಣ.

"ಯಾಕೆ ಸರಿದೆ?" ಎಂದು ಕೇಳಿದಳು.

ಮಗಳು ಚಾಪೆಯ ಕಡ್ಡಿ ಕೀಳುತ್ತ ಅಂದಳು, "ಕ್ಲಾಸಲ್ಲಿ ನನ್ನ ಬ್ಯಾಗ್ ಮೂಸ್ತಾರೆ."

"ಏನ್ ವಾಸನೆಯಂತೆ?"

"ಏನೂ ಇಲ್ಲ. ಆದ್ರೂ ಮೂಸ್ತಾರೆ."

ಆಕೆ ಎದ್ದು ಹಳೆ ನ್ಯೂಸ್‌ಪೇಪರ್ ತಂದಳು. ಬ್ಲೇಡು, ಸೂಜಿ, ಒಡೆದ ಗಾಜು ಇದ್ದರೆ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗೀಟು ಹಾಕಿ ಕೊಡಿ ಎಂದು ಆಕೆ ಮನೆ ಮನೆಗೂ ಬಡಕೊಳ್ಳುತ್ತಾಳೆ. ಗೀಟು ಕಂಡರೆ ಮುಂದೆ ಮುಟ್ಟುವವರು ಹುಷಾರಾಗುತ್ತಾರೆ. ಪುಸ್ತಕವನ್ನೂ ಹಾಗೇ ಸುತ್ತತೊಡಗಿದಳು.

"ನನ್ ಹುಂಜಾ!" ಪುಟ್ಟ ಗೋಳಿಟ್ಟ.

"ಅಮ್ಮಾ, ಕೆರೆ ಒಂದನ್ನ ಹರ್ಕೊಳ್ಲಾ?" ಎಂದಳು ಮಗಳು.

ಆಕೆಗೂ ಆ ಆಸೆ ಇತ್ತು. ಕೆರೆಯ ಹಾಳೆ ತಿರುಗಿಸಿ ತೋರಿಸಿದಳು. ಅದರ ಬೆನ್ನಿಗೇ ಆ ನೊಣಗಳು.

"ಅಂಟಿಸಿಬಿಡೋಣ?"

"ನಿಮ್ಮಜ್ಜ ಅಂಟಿಸಿದ್ರು. ಒಳಗಿದ್ದದ್ದು ಒಳಗೇ ಉಳೀತು. ಬೇಡ."

ಮಗಳು ತನ್ನ ಕೆಂಪು ಸ್ಕೆಚ್ ಪೆನ್ ತಂದು ಪೊಟ್ಟಣದ ಮೇಲೆ ಗೀಟು ಎಳೆದಳು. ಸಾಲದೆಂದು ಹಿಂದೆಯೂ ಎಳೆದಳು. ಅಮ್ಮ ಹೇಳಿರಲಿಲ್ಲ.

ಬೆಳಿಗ್ಗೆ ಡ್ರೈವರ್ ಕೇಳಿದ, "ಪುಸ್ತಕ ತಾನೇ? ನೀಲಿಗೆ ಹಾಕಕ್ಕಾ."

"ಕೆಂಪು ಡಬ್ಬಕ್ಕೆ. ಅದು ಚುಚ್ಚುತ್ತೆ."

ಅವತ್ತು ಮಗಳು ಗಾಡಿಯಲ್ಲೇ ಶಾಲೆಗೆ ಬರುತ್ತೇನೆಂದು ಹತ್ತಿ ಕೂತಳು. ಆದರೆ ಗೇಟು ಇನ್ನೂ ದೂರ ಇರುವಾಗಲೇ, "ಇಲ್ಲೇ ಸಾಕು ಮಾಮಾ," ಎಂದು ಇಳಿದುಕೊಂಡಳು. ಆಕೆ ಅವಳ ಬ್ಯಾಗ್ ಇಳಿಸಿಕೊಟ್ಟಳು. ಮಗು ತಾನೆ, ಇಷ್ಟು ದೂರ ಬಂದಳಲ್ಲ. ಗೇಟಿನ ಹತ್ತಿರ ನಿಂತಿದ್ದ ಮಕ್ಕಳನ್ನು ಮಾತ್ರ ಒಮ್ಮೆ ನೋಡಿದಳು. ಇವರ ಮನೆಗಳಲ್ಲಿ ಇನ್ನೆಂಥ ಪುಸ್ತಕಗಳಿವೆಯೋ ಎಂದುಕೊಂಡು ಬಾಯಿಗೆ ಬಂದ ಕಹಿಯನ್ನು ಉಗಿದಳು.

ನಿಮ್ಮ ಬೀದಿಗೂ ಇಂಥ ಒಬ್ಬಳು ಬರುತ್ತಾಳೆ. ನಾಳೆ ಮಕ್ಕಳ ಕೈ ಹಿಡಿದುಕೊಂಡು ಕೆಳಗೆ ಇಳಿಯಿರಿ. ಬಕೆಟ್ ಕೊಟ್ಟು ಓಡಬೇಡಿ, ನಿಂತು ಮಾತಾಡಿಸಿ. ಹಸಿ ಕಸ, ಒಣ ಕಸ ಬೆರೆಸಿದ್ದಕ್ಕೆ ಮೊದಲು ಚೆನ್ನಾಗಿ ಬೈಯುತ್ತಾಳೆ. ಬೈಸಿಕೊಳ್ಳಿ. ಆಮೇಲೆ ಅವಳ ಮಕ್ಕಳು ಹೇಗಿದ್ದಾರೆಂದು ಕೇಳಿ.