ಟವೆಲ್ಲು ಹಾಕುವ ಮುನಿರಾಜು

ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವುದನ್ನು ಮಂಡ್ಯದಲ್ಲಿ ಕಲಿತ ಮುನಿರಾಜು, ಅಮೆರಿಕದ ಸನ್ನಿವೇಲ್‌ಗೆ ಬಂದು ಇಪ್ಪತ್ತು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ. ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾರ್ನಿವಲ್ ಮೆರವಣಿಗೆಗೆ ಮೊದಲ ಟ್ರೈನಿಗೇ ಹೋಗಿ, ರಸ್ತೆಯಂಚಿಗೆ ಸಾಲಾಗಿ ಟವೆಲ್ಲು ಹಾಸಿ, ಗೆಳೆಯರಿಗೆಲ್ಲ ಜಾಗ ಹಿಡಿದುಬಿಡುತ್ತಾನೆ. ಯಾರಾದರೂ ಕೂರಲು ಬಂದರೆ "ಸಾರಿ, ಫ್ಯಾಮಿಲಿ ಕಮಿಂಗು" ಎನ್ನುತ್ತಾನೆ. ಪೊಲೀಸು ಬಂದರೆ ಅವನ ಕೈಗೂ ಒಂದು ಕೋಡುಬಳೆ ಇಡುತ್ತಾನೆ. ಗರಿ ಕಟ್ಟಿಕೊಂಡು ಕುಣಿಯುವವರನ್ನು ಅವನು ಇಷ್ಟು ವರ್ಷದಲ್ಲಿ ಸರಿಯಾಗಿ ನೋಡಿಯೇ ಇಲ್ಲ, ಟವೆಲ್ಲು ಕಾಯುವುದರಲ್ಲೇ ಅವನ ಕಾರ್ನಿವಲ್ ಮುಗಿಯುತ್ತದೆ. "ಎದ್ರೆ ಜಾಗ ಹೋಯ್ತು ಅಂತ ತಿಳ್ಕೊಳ್ಳಿ" ಎಂದು ಬಾತ್‌ರೂಮಿಗೆ ಹೊರಟವರನ್ನೂ ಗದರುತ್ತಾನೆ. ಹೋದ ವರ್ಷ ಕಾರ್ನಿವಲ್‌ಗೆ ಮುಂಚೆ ಗಂಡ ತೀರಿಕೊಂಡ ಮೇಲೆ, ಇದೇ ಗುಂಪಿನ ಸಾಕಮ್ಮ ಮನೆಯಿಂದ ಆಚೆ ಬಂದಿರಲಿಲ್ಲ. ಜೋಡಿಗಳ ನಡುವೆ ತನಗೆಲ್ಲಿಯ ಜಾಗ ಎಂದುಕೊಂಡಿದ್ದಳು. ಈ ಸಲ ಮುನಿರಾಜು ಫೋನು ಮಾಡಿ, "ಹೋದ್ಸಲಾನೂ ನಿಮ್ಗೆ ಟವೆಲ್ಲು ಹಾಕಿದ್ದೆ ಅಕ್ಕ. ಕೊನೇವರ್ಗೂ ಅಲ್ಲಿ ಯಾರ್ನೂ ಕೂರ್ಸಿಲ್ಲ" ಎಂದ. ಅವಳು ಬಂದಳು. ಸಾಲಿನ ನಡುವೆ ಹಾಸಿದ್ದದ್ದು ಅವಳ ಗಂಡನದೇ ಕೆಂಪು ಚೌಕಳಿ ಟವೆಲ್ಲು; ಯಾವಾಗಲೋ ಆತ ತನ್ನ ಕಾರಿನಲ್ಲಿ ಬಿಟ್ಟುಹೋಗಿದ್ದನ್ನು ಮುನಿರಾಜು ಒಗೆದು ಮಡಿಸಿಟ್ಟುಕೊಂಡಿದ್ದ. ಸಾಕಮ್ಮ ಅದರ ಮೇಲೆ ಕೂತಳು. ಡ್ರಮ್ಮಿನವರು ಹತ್ತಿರ ಬಂದಾಗ ಸೆರಗು ಸಿಕ್ಕಿಸಿ ಎದ್ದಳು. "ಅಕ್ಕ, ಜಾಗ ಹೋಗುತ್ತೆ" ಎಂದ ಮುನಿರಾಜು. "ಹೋಗಲ್ಲ ಕಣಪ್ಪ, ಅವ್ರ ಟವೆಲ್ಲು ಐತಲ್ಲ" ಎಂದು ಅವಳು ಕುಣಿಯುವವರ ಕಡೆ ನಡೆದಳು.